ಜಿಪಿಎ ಕಡಿಮೆಯಾದರೆ ಡಾಕ್ಟರ್ ಕನಸು ಮುಗಿಯಿತೇ? ಅಮೆರಿಕದ ವೈದ್ಯಕೀಯ ಪ್ರವೇಶದ ಬದಲಾದ ಲೆಕ್ಕ

ಬೆಳಗಾವಿ, ಹುಬ್ಬಳ್ಳಿಯಿಂದ ಹಿಡಿದು ಮೂಡಬಿದಿರೆ, ಬೆಂಗಳೂರಿನವರೆಗೆ ಜೈನ ಸಮಾಜದ ಅನೇಕ ಮನೆಗಳಿಗೆ ಇಂದು ಅಮೆರಿಕದ ನಂಟಿದೆ. ಅಣ್ಣನ ಮಗನೋ ಅಕ್ಕನ ಮಗಳೋ ಅಲ್ಲಿಯೇ ಬೆಳೆದು ಅಲ್ಲಿಯೇ ಕಾಲೇಜು ಸೇರಿರುತ್ತಾರೆ. ಅವರಲ್ಲಿ ಡಾಕ್ಟರ್ ಆಗಬೇಕೆಂದು ಹೊರಟವರೂ ಕಡಿಮೆಯಿಲ್ಲ. ಮೊದಲ ಎರಡು ವರ್ಷಗಳಲ್ಲಿ ರಸಾಯನಶಾಸ್ತ್ರ, ಭೌತಶಾಸ್ತ್ರದಲ್ಲಿ ಗ್ರೇಡ್ ಕುಸಿದಾಗ ಅಲ್ಲಿನ ತಂದೆ ತಾಯಿಗೆ ಮಾತ್ರವಲ್ಲ, ಇಲ್ಲಿನ ಅಜ್ಜ ಅಜ್ಜಿಗೂ ಚಿಂತೆ ಹತ್ತಿಕೊಳ್ಳುತ್ತದೆ. ಫೋನಿನಲ್ಲಿ ಕೇಳುವ ಪ್ರಶ್ನೆ ಒಂದೇ: ಇನ್ನು ಸೀಟು ಸಿಗುತ್ತದೆಯೇ, ಇಲ್ಲವೇ?

ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದು ಮಾತಿನ ಉತ್ತರವಿಲ್ಲ. ಕಡಿಮೆ ಜಿಪಿಎ ಇದ್ದರೂ ಅಮೆರಿಕದಲ್ಲಿ ವೈದ್ಯರಾದವರು ಪ್ರತಿ ವರ್ಷವೂ ಇದ್ದಾರೆ. ಆದರೆ ಅದನ್ನು ಸರಿಪಡಿಸಿಕೊಳ್ಳಲು ಸಮಯ ಬೇಕು, ಹಣ ಬೇಕು. 2025ರಲ್ಲಿ ಬಂದ ಹೊಸ ಕಾನೂನು ಹಣದ ಲೆಕ್ಕವನ್ನು ಬದಲಿಸಿದೆ. ವೀಸಾ ನಿಯಮಗಳು ಭಾರತೀಯ ಕುಟುಂಬಗಳ ಸಮಯವನ್ನು ಮೊದಲಿನಿಂದಲೂ ಹಿಂಡುತ್ತಿವೆ. ಹಾಗಾಗಿ ಅಂಕಕ್ಕಿಂತ ಹೆಚ್ಚು ಅಪಾಯ ಇರುವುದು ಅವಸರದ ತೀರ್ಮಾನದಲ್ಲಿ.

ಅಲ್ಲಿನ ಪದ್ಧತಿಯೇ ಬೇರೆ

ಕರ್ನಾಟಕದಲ್ಲಿ ಪಿಯುಸಿ ಮುಗಿಸಿ, ನೀಟ್ ಬರೆದು, ರ‍್ಯಾಂಕ್ ಪ್ರಕಾರ ಸೀಟು ಪಡೆಯುವುದು ರೂಢಿ. ಒಂದು ದಿನದ ಪರೀಕ್ಷೆ ಬಹುತೇಕ ಎಲ್ಲವನ್ನೂ ತೀರ್ಮಾನಿಸುತ್ತದೆ. ಅಮೆರಿಕದಲ್ಲಿ ಮೊದಲು ನಾಲ್ಕು ವರ್ಷದ ಪದವಿ ಮುಗಿಯಬೇಕು. ಆಮೇಲೆ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆಯ ಅಂಕ, ಪದವಿಯ ಜಿಪಿಎ, ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಅನುಭವ, ಸೇವೆ, ಸಂಶೋಧನೆ, ಪ್ರಾಧ್ಯಾಪಕರ ಶಿಫಾರಸು ಪತ್ರ ಮತ್ತು ಸಂದರ್ಶನ ಇವೆಲ್ಲವನ್ನೂ ಸೇರಿಸಿ ನೋಡುತ್ತಾರೆ. ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು: ಇಲ್ಲಿ ಎಂಡಿ ಎಂದರೆ ಎಂಬಿಬಿಎಸ್ ನಂತರದ ಸ್ನಾತಕೋತ್ತರ ಪದವಿ, ಅಲ್ಲಿ ಎಂಡಿ ಎಂದರೆ ವೈದ್ಯಕೀಯದ ಮೊದಲ ಪದವಿ.

ಜಿಪಿಎ ಎಂದರೆ ಎಲ್ಲ ವಿಷಯಗಳ ಗ್ರೇಡ್‌ಗಳ ಸರಾಸರಿ, 4ಕ್ಕೆ ಇಷ್ಟು ಎಂದು. ಅರ್ಜಿಯಲ್ಲಿ ಒಟ್ಟು ಜಿಪಿಎ ಜೊತೆಗೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ ಈ ನಾಲ್ಕು ವಿಷಯಗಳ ಜಿಪಿಎಯನ್ನು ಪ್ರತ್ಯೇಕವಾಗಿ ತೋರಿಸುತ್ತಾರೆ. ಎಂಡಿ ಕಾಲೇಜುಗಳಿಗೆ ಇತ್ತೀಚಿನ ವರ್ಷಗಳಲ್ಲಿ ಸುಮಾರು 52,000 ಮಂದಿ ಅರ್ಜಿ ಹಾಕಿದರೆ ಸುಮಾರು 23,000 ಮಂದಿಗೆ ಪ್ರವೇಶ ಸಿಗುತ್ತಿದೆ. ಸೇರಿದವರ ಸರಾಸರಿ ಜಿಪಿಎ 3.8ರ ಆಸುಪಾಸಿನಲ್ಲಿದೆ, ಎಂಕ್ಯಾಟ್ ಸರಾಸರಿ 511ರಿಂದ 512. ಎಂಕ್ಯಾಟ್ ಅಂಕ 472ರಿಂದ 528ರವರೆಗೆ ಇರುತ್ತದೆ, ನಡುಮಟ್ಟ 500.

ಈ ಸರಾಸರಿಯ ಮುಂದೆ 3.0 ಅಥವಾ 3.2 ಜಿಪಿಎ ಕಡಿಮೆಯೇ. ಹಲವು ಕಾಲೇಜುಗಳು 3.0ಕ್ಕಿಂತ ಕೆಳಗಿನ ಅರ್ಜಿಗಳನ್ನು ಮೊದಲ ಸೋಸುವಿಕೆಯಲ್ಲೇ ಬದಿಗಿಡುತ್ತವೆ. ಉಳಿದ ಅರ್ಜಿ ಎಷ್ಟೇ ಚೆನ್ನಾಗಿದ್ದರೂ ಅದನ್ನು ಓದುವವರೇ ಇರುವುದಿಲ್ಲ. ಆ ಗೆರೆ ದಾಟಿದ ಮೇಲೆ ಮಾತ್ರ ಅಂಕದ ಹಿಂದಿನ ಕಥೆಗೆ ಬೆಲೆ ಬರುತ್ತದೆ.

ಸರಾಸರಿ ಏರುವುದು ನಿಧಾನ

ಕುಟುಂಬಗಳು ಮೊದಲು ಅರ್ಥಮಾಡಿಕೊಳ್ಳಬೇಕಾದದ್ದು ಸರಳ ಗಣಿತ. ನಾಲ್ಕು ವರ್ಷದ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್. ಎರಡನೇ ವರ್ಷದ ಕೊನೆಗೆ 60 ಕ್ರೆಡಿಟ್‌ಗೆ 2.8 ಜಿಪಿಎ ಇದೆ ಎಂದುಕೊಳ್ಳೋಣ. ಉಳಿದ 60 ಕ್ರೆಡಿಟ್‌ಗೂ ಒಂದೂ ತಪ್ಪದೆ 4.0 ಬಂದರೆ ಪದವಿ ಮುಗಿಯುವಾಗ ಒಟ್ಟು ಜಿಪಿಎ 3.4 ಆಗುತ್ತದೆ. 3.8 ಬಂದರೆ 3.3. ಅಂದರೆ ಎರಡು ವರ್ಷ ಅತ್ಯುತ್ತಮವಾಗಿ ಓದಿದರೂ ಒಟ್ಟು ಸಂಖ್ಯೆ ಸರಾಸರಿಗಿಂತ ಕೆಳಗೇ ನಿಲ್ಲುತ್ತದೆ.

ಪದವಿ ಮುಗಿದ ಮೇಲೆ ಈ ಏರಿಕೆ ಇನ್ನೂ ನಿಧಾನ. 120 ಕ್ರೆಡಿಟ್‌ಗೆ 3.0 ಇರುವವರು ಮತ್ತೊಂದು ವರ್ಷ 30 ಕ್ರೆಡಿಟ್ ಓದಿ ಎಲ್ಲದರಲ್ಲೂ 4.0 ಪಡೆದರೂ ಒಟ್ಟು 3.2 ಮಾತ್ರ ಆಗುತ್ತದೆ.

ಹಾಗಾದರೆ ಪ್ರಯತ್ನ ವ್ಯರ್ಥವೇ? ಅಲ್ಲ. ಪ್ರವೇಶ ಸಮಿತಿ ಒಟ್ಟು ಸಂಖ್ಯೆಯ ಜೊತೆಗೆ ವರ್ಷವಾರು ಪಟ್ಟಿಯನ್ನೂ ನೋಡುತ್ತದೆ. ಮೊದಲ ವರ್ಷ 2.6, ಎರಡನೇ ವರ್ಷ 3.0, ಮುಂದಿನ ಎರಡು ವರ್ಷ 3.8 ಎಂದಿದ್ದರೆ, ಮನೆಯಿಂದ ದೂರ ಬಂದು ತಡವರಿಸಿದ ವಿದ್ಯಾರ್ಥಿ ಆಮೇಲೆ ಓದುವುದನ್ನು ಕಲಿತಿದ್ದಾರೆ ಎಂಬುದು ಕಾಣುತ್ತದೆ. ಅದೇ ಒಟ್ಟು ಸಂಖ್ಯೆ ಇಳಿಮುಖವಾಗಿ ಬಂದಿದ್ದರೆ ಅರ್ಥವೇ ಬೇರೆ. ವೈದ್ಯಕೀಯದ ಭಾರವಾದ ಪಠ್ಯವನ್ನು ಈ ವಿದ್ಯಾರ್ಥಿ ಈಗ ಹೊರಬಲ್ಲರೇ ಎಂಬುದು ಸಮಿತಿಯ ಪ್ರಶ್ನೆ. ಅದಕ್ಕೆ ಉತ್ತರ ಕೊಡುವುದು ಇತ್ತೀಚಿನ ಗ್ರೇಡ್‌ಗಳು ಮತ್ತು ಎಂಕ್ಯಾಟ್.

ಫೇಲಾದ ವಿಷಯವನ್ನು ಮತ್ತೆ ಓದಿದರೆ ಹಳೆಯ ಗ್ರೇಡ್ ಅಳಿಸಿಹೋಗುತ್ತದೆ ಎಂಬ ನಂಬಿಕೆ ಇನ್ನೂ ಇದೆ. ಎಂಡಿ ಕಾಲೇಜುಗಳ ಅರ್ಜಿಯಲ್ಲಿ ಎರಡೂ ಗ್ರೇಡ್ ಲೆಕ್ಕಕ್ಕೆ ಬರುತ್ತವೆ. ಆಸ್ಟಿಯೋಪಥಿಕ್ ಕಾಲೇಜುಗಳಲ್ಲಿ ಮೊದಲು ಹೊಸ ಗ್ರೇಡ್ ಹಳೆಯದರ ಜಾಗಕ್ಕೆ ಬರುತ್ತಿತ್ತು. 2017ರಿಂದ ಅಲ್ಲಿಯೂ ಆ ರಿಯಾಯಿತಿ ಇಲ್ಲ. ಟೆಕ್ಸಾಸ್ ರಾಜ್ಯದ ನಿವಾಸಿಗಳಿಗೆ ಮಾತ್ರ ಹತ್ತು ವರ್ಷಕ್ಕಿಂತ ಹಳೆಯ ಕ್ರೆಡಿಟ್‌ಗಳನ್ನು ಬಿಟ್ಟು ಹೊಸದಾಗಿ ಆರಂಭಿಸುವ ಅವಕಾಶವನ್ನು ಆ ರಾಜ್ಯದ ಕಾನೂನು ಕೊಡುತ್ತದೆ. ಓದಿದ ಯಾವುದೇ ಕಾಲೇಜಿನ ಅಂಕಪಟ್ಟಿಯನ್ನು ಮುಚ್ಚಿಡುವಂತಿಲ್ಲ. ಮುಚ್ಚಿಟ್ಟದ್ದು ಬಯಲಾದರೆ ಕಡಿಮೆ ಅಂಕಕ್ಕಿಂತ ದೊಡ್ಡ ಪೆಟ್ಟು ಬೀಳುತ್ತದೆ.

ಸರಿಪಡಿಸಿಕೊಳ್ಳುವ ಎರಡು ದಾರಿ

ಮೊದಲನೆಯದು ಪದವಿಯ ನಂತರ ಮತ್ತೆ ಪದವಿ ಮಟ್ಟದ ವಿಜ್ಞಾನ ವಿಷಯಗಳನ್ನು ಓದುವುದು. ಇದನ್ನು ಪೋಸ್ಟ್‌ಬ್ಯಾಕ್ ಎನ್ನುತ್ತಾರೆ. ಈ ಕ್ರೆಡಿಟ್‌ಗಳು ಪದವಿಯ ಜಿಪಿಎಗೇ ಸೇರುತ್ತವೆ. ತನ್ನ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಒಂದೊಂದೇ ವಿಷಯ ತೆಗೆದುಕೊಂಡು, ಜೊತೆಗೆ ಕೆಲಸವನ್ನೂ ಮಾಡುತ್ತ ಓದಿದರೆ ಖರ್ಚು ಹಿಡಿತದಲ್ಲಿರುತ್ತದೆ. ಜಿಪಿಎ 3.0ರ ಕೆಳಗಿರುವವರಿಗೆ, ವಿಜ್ಞಾನದ ಬುನಾದಿಯೇ ಸಡಿಲವಾಗಿರುವವರಿಗೆ ಈ ದಾರಿ ಸೂಕ್ತ.

ಎರಡನೆಯದು ವಿಶೇಷ ಸ್ನಾತಕೋತ್ತರ ಕೋರ್ಸ್. ಜಾರ್ಜ್‌ಟೌನ್, ಬಾಸ್ಟನ್ ಮುಂತಾದ ವಿಶ್ವವಿದ್ಯಾಲಯಗಳಲ್ಲಿ ಒಂದೆರಡು ವರ್ಷದ ಇಂಥ ಕೋರ್ಸ್‌ಗಳಿವೆ. ಇಲ್ಲಿ ವೈದ್ಯಕೀಯದ ಮೊದಲ ವರ್ಷದ ಮಟ್ಟದ ಪಾಠಗಳನ್ನೇ ಓದಿಸುತ್ತಾರೆ. ಚೆನ್ನಾಗಿ ಮಾಡಿದರೆ ಅದಕ್ಕಿಂತ ಬಲವಾದ ಪುರಾವೆ ಇನ್ನೊಂದಿಲ್ಲ. ಆದರೆ ಈ ಗ್ರೇಡ್ ಪ್ರತ್ಯೇಕ ಲೆಕ್ಕದಲ್ಲಿ ಬರುತ್ತದೆ, ಪದವಿಯ ಜಿಪಿಎ ಇದ್ದಲ್ಲೇ ಇರುತ್ತದೆ. ಇಲ್ಲಿಯೂ ಗ್ರೇಡ್ ಕುಸಿದರೆ ವಿವರಣೆಗೆ ಜಾಗವೇ ಉಳಿಯುವುದಿಲ್ಲ. ಇದು ಕೊನೆಯ ಬಾಣ. ಓದುವ ಕ್ರಮ ಸರಿಹೋಗಿದೆ ಎಂದು ಖಾತ್ರಿಯಾದ ಮೇಲೆಯೇ ಬಿಡಬೇಕು.

ಹೊಸ ಸಾಲ ನಿಯಮದ ಪರಿಣಾಮ

ಇದುವರೆಗೆ ಕುಟುಂಬಗಳು ಖರ್ಚಿನ ಬಗ್ಗೆ ಅಷ್ಟಾಗಿ ಯೋಚಿಸುತ್ತಿರಲಿಲ್ಲ. ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇದ್ದವರಿಗೆ ಗ್ರಾಡ್ ಪ್ಲಸ್ ಎಂಬ ಕೇಂದ್ರ ಸರ್ಕಾರದ ಸಾಲ ಪೂರ್ತಿ ಖರ್ಚಿನ ಮಟ್ಟಿಗೂ ಸಿಗುತ್ತಿತ್ತು. 2025ರ ಜುಲೈ 4ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಕಾನೂನು ಇದನ್ನು ಬದಲಿಸಿತು. 2026ರ ಜುಲೈ 1ರಿಂದ ಹೊಸ ಸಾಲಗಾರರಿಗೆ ಗ್ರಾಡ್ ಪ್ಲಸ್ ಇಲ್ಲ. ವೈದ್ಯಕೀಯ ವಿದ್ಯಾರ್ಥಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಮಿತಿ. ಸಾಮಾನ್ಯ ಸ್ನಾತಕೋತ್ತರ ವಿದ್ಯಾರ್ಥಿಗೆ ವರ್ಷಕ್ಕೆ 20,500 ಡಾಲರ್ ಮಾತ್ರ.

ನಾಲ್ಕು ವರ್ಷದ ವೈದ್ಯಕೀಯ ಶಿಕ್ಷಣಕ್ಕೆ ವಾಸದ ಖರ್ಚೂ ಸೇರಿ ಸರ್ಕಾರಿ ಕಾಲೇಜಿನಲ್ಲಿ ಸುಮಾರು 2.8 ಲಕ್ಷ ಡಾಲರ್, ಖಾಸಗಿ ಕಾಲೇಜಿನಲ್ಲಿ ಸುಮಾರು 3.9 ಲಕ್ಷ ಡಾಲರ್ ಬೇಕಾಗುತ್ತದೆ. ಸರ್ಕಾರಿ ಸಾಲ 2 ಲಕ್ಷಕ್ಕೆ ನಿಂತರೆ ಖಾಸಗಿ ಕಾಲೇಜಿಗೆ ಸೇರಿದವರು ಸುಮಾರು 1.9 ಲಕ್ಷ ಡಾಲರ್, ಅಂದರೆ ಒಂದೂವರೆ ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಬೇರೆ ಕಡೆಯಿಂದ ಹೊಂದಿಸಬೇಕು. ಖಾಸಗಿ ಬ್ಯಾಂಕ್ ಸಾಲಕ್ಕೆ ಸಾಮಾನ್ಯವಾಗಿ ತಂದೆ ತಾಯಿಯ ಜಾಮೀನು ಬೇಕು.

ಕಡಿಮೆ ಜಿಪಿಎ ಇರುವವರಿಗೆ ಈ ಏಟು ಎರಡು ಸಲ ಬೀಳುತ್ತದೆ. ವಿಶೇಷ ಸ್ನಾತಕೋತ್ತರ ಕೋರ್ಸ್‌ಗೆ ವಾಸದ ಖರ್ಚು ಸೇರಿ ಹಲವು ಕಡೆ ವರ್ಷಕ್ಕೆ 50,000 ಡಾಲರ್ ದಾಟುತ್ತದೆ; ಹೊಸ ಮಿತಿಯಲ್ಲಿ ಅದರ ಅರ್ಧವೂ ಸಾಲವಾಗಿ ಸಿಗುವುದಿಲ್ಲ. ಮೊದಲು "ಒಂದು ವರ್ಷ ಹೆಚ್ಚು ಓದಲಿ, ಸಾಲ ಸಿಗುತ್ತದೆ" ಎನ್ನುತ್ತಿದ್ದ ಕುಟುಂಬ ಈಗ ಆ ವರ್ಷದ ಖರ್ಚನ್ನು ಕೈಯಿಂದ ಹಾಕಬೇಕು. ಹಾಗಾಗಿ ಕಡಿಮೆ ಖರ್ಚಿನ ಪೋಸ್ಟ್‌ಬ್ಯಾಕ್ ಮೊದಲು, ಸ್ನಾತಕೋತ್ತರ ಕೋರ್ಸ್ ಅನಿವಾರ್ಯವಾದರೆ ಮಾತ್ರ ಎಂಬ ಕ್ರಮ ಈಗ ಹೆಚ್ಚು ಅರ್ಥಪೂರ್ಣವಾಗಿದೆ.

21ನೇ ವಯಸ್ಸಿನ ಗೋಡೆ

ಕರ್ನಾಟಕದಿಂದ ಎಚ್-1ಬಿ ವೀಸಾದಲ್ಲಿ ಹೋದ ಕುಟುಂಬಗಳಿಗೆ ಇನ್ನೊಂದು ತೊಡಕಿದೆ. ಮಗು ಎರಡು ಮೂರು ವರ್ಷದವಳಿದ್ದಾಗ ಅಮೆರಿಕಕ್ಕೆ ಹೋಗಿ ಅಲ್ಲಿಯೇ ಶಾಲೆ ಮುಗಿಸಿದ್ದರೂ, ತಂದೆ ತಾಯಿಗೆ ಗ್ರೀನ್ ಕಾರ್ಡ್ ಸಿಗದಿದ್ದರೆ ಅವಳು ಎಚ್-4 ಅವಲಂಬಿತ ವೀಸಾದಲ್ಲೇ ಇರುತ್ತಾಳೆ. ಭಾರತದಲ್ಲಿ ಹುಟ್ಟಿದವರಿಗೆ ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್ ಸರದಿ ಹತ್ತಾರು ವರ್ಷ ಉದ್ದವಿದೆ. 21 ತುಂಬಿದರೆ ಎಚ್-4 ಮುಗಿಯುತ್ತದೆ. ಆಮೇಲೆ ಅಲ್ಲಿಯೇ ಓದಬೇಕಾದರೆ ಸಾಮಾನ್ಯವಾಗಿ ಎಫ್-1 ವೀಸಾ ಪಡೆದು ವಿದೇಶಿ ವಿದ್ಯಾರ್ಥಿಯಾಗಬೇಕು.

ವೈದ್ಯಕೀಯಕ್ಕೆ ಅರ್ಜಿ ಹಾಕುವ ವಯಸ್ಸೂ ಇದೇ. ಅಮೆರಿಕದ ಹೆಚ್ಚಿನ ವೈದ್ಯಕೀಯ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳುವ ಕೆಲವು ಕಾಲೇಜುಗಳು ನಾಲ್ಕೂ ವರ್ಷದ ಹಣ ಇದೆಯೆಂದು ಮುಂಚಿತವಾಗಿ ತೋರಿಸಲು ಕೇಳುವುದುಂಟು. ಸರ್ಕಾರಿ ಸಾಲ ಇವರಿಗೆ ಇಲ್ಲವೇ ಇಲ್ಲ. ಅಂಥವರಿಗೆ 3.9 ಜಿಪಿಎ ಇದ್ದರೂ ದಾರಿ ಕಿರಿದು, 3.2 ಇದ್ದರೆ ಇನ್ನೂ ಕಷ್ಟ. ಅಲ್ಲಿಯೇ ಹುಟ್ಟಿ ಪೌರತ್ವ ಪಡೆದ ತಮ್ಮನಿಗೆ ಇರುವ ಅವಕಾಶ, ಇಲ್ಲಿ ಹುಟ್ಟಿ ಹೋದ ಅಕ್ಕನಿಗೆ ಇರುವುದಿಲ್ಲ. ಒಂದೇ ಮನೆಯಲ್ಲಿ ಇಬ್ಬರಿಗೆ ಎರಡು ಬಗೆಯ ಲೆಕ್ಕ.

"ನೀಟ್‌ನಲ್ಲಿ ಸೀಟು ಸಿಗಲಿಲ್ಲ, ಅಮೆರಿಕದಲ್ಲಿ ಪದವಿ ಮಾಡಿಸಿ ಅಲ್ಲಿಯೇ ಡಾಕ್ಟರ್ ಮಾಡಿಸೋಣ" ಎಂದು ಯೋಚಿಸುವ ಇಲ್ಲಿನ ಕುಟುಂಬಗಳೂ ಇದೇ ಕಾರಣಕ್ಕೆ ಎರಡು ಬಾರಿ ಯೋಚಿಸಬೇಕು. ಪದವಿಗೆ ಪ್ರವೇಶ ಸುಲಭ, ಆಮೇಲಿನ ಬಾಗಿಲು ಕಿರಿದು. ಏಜೆಂಟರು ಮೊದಲನೆಯದನ್ನು ಹೇಳುತ್ತಾರೆ, ಎರಡನೆಯದನ್ನು ಹೇಳುವವರು ಕಡಿಮೆ.

ಡಿಓ ಮತ್ತು ಕೆರಿಬಿಯನ್

ಎಂಡಿ ಒಂದೇ ದಾರಿಯಲ್ಲ. ಅಮೆರಿಕದ ವೈದ್ಯ ವಿದ್ಯಾರ್ಥಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಓದುವುದು ಆಸ್ಟಿಯೋಪಥಿಕ್ ಕಾಲೇಜಿನಲ್ಲಿ. ಅವರಿಗೆ ಸಿಗುವುದು ಡಿಓ ಪದವಿ. ಔಷಧ ಬರೆಯುವುದು, ಶಸ್ತ್ರಚಿಕಿತ್ಸೆ ಮಾಡುವುದು ಎಲ್ಲದಕ್ಕೂ ಅಲ್ಲಿ ಅವರಿಗೆ ಪೂರ್ಣ ಅಧಿಕಾರವಿದೆ. 2020ರಿಂದ ಎಂಡಿ ಮತ್ತು ಡಿಓ ಇಬ್ಬರಿಗೂ ರೆಸಿಡೆನ್ಸಿ ತರಬೇತಿಯ ಮಾನ್ಯತೆ ಒಂದೇ ವ್ಯವಸ್ಥೆಯಡಿ ಬಂದಿದೆ. ಈ ಕಾಲೇಜುಗಳಿಗೆ ಸೇರುವವರ ಸರಾಸರಿ ಜಿಪಿಎ 3.6ರ ಆಸುಪಾಸು, ಎಂಕ್ಯಾಟ್ 504ರ ಆಸುಪಾಸು. ಜಿಪಿಎ ಕಡಿಮೆ ಇದ್ದು ಇತ್ತೀಚೆಗೆ ಸುಧಾರಿಸಿದವರಿಗೆ ಇದು ನಿಜವಾದ ಅವಕಾಶ. "ಅದು ಎಂಡಿ ಅಲ್ಲವಂತೆ" ಎಂಬ ನೆಂಟರ ಮಾತಿಗೆ ಹೆದರಿ ಬಿಡುವಂಥದ್ದಲ್ಲ. ಮುಂದೆ ಕರ್ನಾಟಕಕ್ಕೆ ಮರಳಿ ವೃತ್ತಿ ಮಾಡುವ ಯೋಚನೆ ಇದ್ದರೆ ಮಾತ್ರ ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮವನ್ನು ಸೇರುವ ಮೊದಲೇ ವಿಚಾರಿಸಿಕೊಳ್ಳಬೇಕು.

ಕೆರಿಬಿಯನ್ ದ್ವೀಪಗಳ ಕಾಲೇಜುಗಳು ಇನ್ನೂ ಕಡಿಮೆ ಅಂಕಕ್ಕೂ ಸೀಟು ಕೊಡುತ್ತವೆ. ಗ್ರೆನಡಾದ ಸೇಂಟ್ ಜಾರ್ಜಸ್, ಬಾರ್ಬಡೋಸ್‌ನ ರಾಸ್ ಇವು ಹೆಸರು ಕೇಳಿಬರುವ ಕಾಲೇಜುಗಳು. ಇಲ್ಲಿ ಓದಿ ಒಳ್ಳೆಯ ವೈದ್ಯರಾದವರು ಅಮೆರಿಕದಲ್ಲಿ ಸಾವಿರಾರು ಮಂದಿ ಇದ್ದಾರೆ. ಆದರೆ ಸೀಟು ಸಿಗುವುದು ಬೇರೆ, ರೆಸಿಡೆನ್ಸಿ ಸಿಗುವುದು ಬೇರೆ. 2024ರ ರೆಸಿಡೆನ್ಸಿ ಹಂಚಿಕೆಯಲ್ಲಿ ಅಮೆರಿಕದ ಎಂಡಿ ಅಂತಿಮ ವರ್ಷದವರಲ್ಲಿ ಶೇ. 93.5 ಮಂದಿಗೆ, ಡಿಓ ಅಂತಿಮ ವರ್ಷದವರಲ್ಲಿ ಶೇ. 92.3 ಮಂದಿಗೆ ಸ್ಥಾನ ಸಿಕ್ಕಿತು. ಹೊರದೇಶದಲ್ಲಿ ಓದಿದ ಅಮೆರಿಕನ್ ಪ್ರಜೆಗಳಲ್ಲಿ ಈ ಪ್ರಮಾಣ ಶೇ. 67, ಹೊರದೇಶದಲ್ಲಿ ಓದಿದ ಇತರ ದೇಶದವರಲ್ಲಿ ಶೇ. 58.5. ಇದು ಕೊನೆಯವರೆಗೆ ತಲುಪಿದವರ ಲೆಕ್ಕ. ನಡುವೆ ಬಿಟ್ಟುಹೋದವರು ಇದರಲ್ಲಿ ಕಾಣುವುದಿಲ್ಲ. ರೆಸಿಡೆನ್ಸಿ ಇಲ್ಲದೆ ವೈದ್ಯ ವೃತ್ತಿಯ ಪರವಾನಗಿ ಇಲ್ಲ. ಸಾಲ ಮಾತ್ರ ಉಳಿಯುತ್ತದೆ.

ಭಾರತದ ಪೌರತ್ವ ಇರುವವರಿಗೆ ಇನ್ನೊಂದು ಎಚ್ಚರಿಕೆ. ಹೊರದೇಶದಲ್ಲಿ ಓದಿ ಇಲ್ಲಿಗೆ ಮರಳುವವರಿಗೆ ನೀಟ್ ಅರ್ಹತೆ ಕಡ್ಡಾಯ. 2021ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ನಿಯಮದ ಪ್ರಕಾರ ಕನಿಷ್ಠ 54 ತಿಂಗಳ ಕೋರ್ಸ್ ಮತ್ತು 12 ತಿಂಗಳ ಇಂಟರ್ನ್‌ಶಿಪ್ ಅದೇ ಸಂಸ್ಥೆಯಲ್ಲಿ ಆಗಬೇಕು. ತರಬೇತಿಯ ಯಾವ ಭಾಗವೂ ಪದವಿ ಕೊಡುವ ದೇಶದ ಹೊರಗೆ ನಡೆಯಬಾರದು. ಕೆರಿಬಿಯನ್ ಕಾಲೇಜುಗಳ ಕ್ರಮದಲ್ಲಿ ಮೊದಲ ಎರಡು ವರ್ಷ ದ್ವೀಪದಲ್ಲಿ, ಕೊನೆಯ ಎರಡು ವರ್ಷ ಬಹುಪಾಲು ಅಮೆರಿಕದ ಆಸ್ಪತ್ರೆಗಳಲ್ಲಿ. ಈ ಕ್ರಮ ಇಲ್ಲಿನ ನಿಯಮಕ್ಕೆ ಹೊಂದುವುದಿಲ್ಲ. ಅಲ್ಲಿ ಆಗದಿದ್ದರೆ ಊರಿಗೆ ಬಂದು ಕ್ಲಿನಿಕ್ ಇಡಬಹುದು ಎಂಬ ಭರವಸೆಯ ಮೇಲೆ ಹಣ ಕಟ್ಟಬಾರದು.

ರಜೆಯಲ್ಲಿ ಊರಿನ ಆಸ್ಪತ್ರೆ

ಅಂಕ ಕಡಿಮೆ ಇದ್ದವರು ಅನುಭವದಿಂದ ಅದನ್ನು ತುಂಬಿಸಲು ನೋಡುತ್ತಾರೆ. ಬೇಸಿಗೆ ರಜೆಯಲ್ಲಿ ಊರಿಗೆ ಬಂದು ಚಿಕ್ಕಪ್ಪನ ಅಥವಾ ಮಾವನ ನರ್ಸಿಂಗ್ ಹೋಮ್‌ನಲ್ಲಿ ಕೆಲ ವಾರ ಇರುವುದು ಸಾಮಾನ್ಯ. ಪಕ್ಕದಲ್ಲಿ ನಿಂತು ನೋಡುವುದರಿಂದ ತೊಂದರೆಯಿಲ್ಲ. ಆದರೆ ತರಬೇತಿ ಇಲ್ಲದ ವಿದ್ಯಾರ್ಥಿಯ ಕೈಯಿಂದ ಹೊಲಿಗೆ ಹಾಕಿಸುವುದು, ಇಂಜೆಕ್ಷನ್ ಕೊಡಿಸುವುದು ರೋಗಿಗೂ ಸರಿಯಲ್ಲ, ಅರ್ಜಿಗೂ ಒಳ್ಳೆಯದಲ್ಲ. ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘವು ಹೊರದೇಶದ ಇಂಥ ಅನುಭವಗಳ ಬಗ್ಗೆ ಮಾರ್ಗಸೂಚಿಯನ್ನೇ ಕೊಟ್ಟಿದೆ. ಅರ್ಜಿಯಲ್ಲಿ ಹೆಮ್ಮೆಯಿಂದ ಬರೆದದ್ದೇ ಸಮಿತಿಯ ಕಣ್ಣಿಗೆ ದೋಷವಾಗಿ ಕಾಣಬಹುದು. ಪ್ರೀತಿಯಿಂದ ಅವಕಾಶ ಕೊಡುವ ಇಲ್ಲಿನ ಡಾಕ್ಟರ್ ಬಂಧುಗಳೂ ಇದನ್ನು ತಿಳಿದಿರಬೇಕು. ತಾನಿರುವ ಊರಿನ ಆಸ್ಪತ್ರೆಯಲ್ಲಿ ಅಥವಾ ವೃದ್ಧಾಶ್ರಮದಲ್ಲಿ ವರ್ಷಗಟ್ಟಲೆ ಬಿಡದೆ ಮಾಡಿದ ಕೆಲಸಕ್ಕೆ ಹೆಚ್ಚು ತೂಕವಿದೆ.

ತಡವಾದರೆ ತಪ್ಪೇನು?

ಜೈನ ಕುಟುಂಬಗಳಲ್ಲಿ, ಇಲ್ಲಿಯೂ ಅಲ್ಲಿಯೂ, ಪದವಿ ಮುಗಿದ ಮೇಲೆ ಒಂದೆರಡು ವರ್ಷ ಖಾಲಿ ಬಿಡುವುದನ್ನು ಸೋಲು ಎಂದೇ ನೋಡುವವರಿದ್ದಾರೆ. ಮಗಳಾದರೆ ಮದುವೆಯ ಮಾತೂ ಅದರ ಜೊತೆ ಸೇರಿಕೊಳ್ಳುತ್ತದೆ. ಈ ಒತ್ತಡಕ್ಕೆ ಮಣಿದು ಸಿದ್ಧತೆ ಇಲ್ಲದೆ ಎಂಕ್ಯಾಟ್ ಬರೆಯುವುದು, ಗ್ರೇಡ್ ಏರುವ ಮೊದಲೇ ಅರ್ಜಿ ಹಾಕುವುದು, ಎಲ್ಲ ಕಡೆಯಿಂದ ತಿರಸ್ಕಾರ ಬಂದ ಮೇಲೆ ಗಾಬರಿಯಲ್ಲಿ ಸಿಕ್ಕಿದ ಸೀಟಿಗೆ ಹಣ ಕಟ್ಟುವುದು ನಡೆಯುತ್ತದೆ. ಒಮ್ಮೆ ತಿರಸ್ಕೃತವಾದ ಅರ್ಜಿಯನ್ನು ಮತ್ತೆ ಹಾಕುವಾಗ ಏನು ಬದಲಾಗಿದೆ ಎಂದು ಕಾಲೇಜು ಕೇಳುತ್ತದೆ. ಬದಲಾವಣೆ ತೋರಿಸಲು ಇಲ್ಲದಿದ್ದರೆ ಎರಡನೇ ಅರ್ಜಿಗೂ ಅದೇ ಗತಿ.

ಅಮೆರಿಕದಲ್ಲಿ ವೈದ್ಯಕೀಯ ಸೇರುವವರಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮಂದಿ ಪದವಿಯ ನಂತರ ಒಂದು ಅಥವಾ ಹೆಚ್ಚು ವರ್ಷ ಬಿಟ್ಟೇ ಸೇರುತ್ತಿದ್ದಾರೆ. ಒಳ್ಳೆಯ ಜಿಪಿಎ ಇದ್ದವರೂ ಇವರಲ್ಲಿದ್ದಾರೆ. 22ಕ್ಕೆ ಸೇರಿದರೂ 25ಕ್ಕೆ ಸೇರಿದರೂ ರೋಗಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮನೆಯವರು ಕುಳಿತು ಮಾತನಾಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಹೀಗಿವೆ. ಅಂಕ ಕುಸಿದದ್ದು ಏಕೆ: ಆರೋಗ್ಯವೇ, ಒಂಟಿತನವೇ, ಓದುವ ಕ್ರಮವೇ, ಇಲ್ಲ ಆಸಕ್ತಿಯೇ ಬೇರೆ ಕಡೆ ಇದೆಯೇ? ಆ ಕಾರಣ ಈಗ ದೂರವಾಗಿದೆಯೇ? ಕಳೆದ ಎರಡು ಸೆಮಿಸ್ಟರ್‌ಗಳ ಗ್ರೇಡ್ ಏನು ಹೇಳುತ್ತದೆ? ಪೌರತ್ವ ಅಥವಾ ವೀಸಾ ಸ್ಥಿತಿ ಯಾವುದು, 21 ತುಂಬುವುದು ಯಾವಾಗ? ಸಾಲದ ಮಿತಿಯ ಹೊರಗಿನ ಹಣ ಎಲ್ಲಿಂದ ಬರುತ್ತದೆ? ಇವುಗಳಿಗೆ ಉತ್ತರ ಸಿಗುವವರೆಗೆ ಅರ್ಜಿ ಕಾಯಬಹುದು.

ಉತ್ತರ ಹುಡುಕುವಾಗ ಕೆಲವರಿಗೆ ಡಾಕ್ಟರ್ ಆಗುವ ಆಸೆ ತಮ್ಮದಲ್ಲ, ಮನೆಯದು ಎಂದು ತಿಳಿಯಬಹುದು. ಹಾಗಿದ್ದರೆ ಅದನ್ನು ಎರಡು ಲಕ್ಷ ಡಾಲರ್ ಸಾಲ ಮಾಡುವ ಮೊದಲು ಹೇಳಲು ಮಕ್ಕಳಿಗೆ ಧೈರ್ಯ ಬರುವಂತೆ ಮನೆಯ ಮಾತು ಇರಬೇಕು. ಆಸೆ ತಮ್ಮದೇ ಎನ್ನುವವರಿಗೆ 3.1 ಎಂಬ ಸಂಖ್ಯೆ ಕೊನೆಯ ತೀರ್ಪಲ್ಲ. ಅವರಿಗೆ ಹಿರಿಯರಿಂದ ಬೇಕಾದದ್ದು ಎರಡು ವರ್ಷದ ತಾಳ್ಮೆ, ಮತ್ತು "ಎಲ್ಲಿಗೆ ಬಂತು?" ಎಂದು ವಾರವಾರ ಕೇಳದಿರುವ ಔದಾರ್ಯ.